ರೀಲು ರಾಣಿಯ ಓಪನಿಂಗ್

"ನಾಲ್ಕೇ ನಡೆ ಕಣೇ! ಐದನೆಯದಕ್ಕೆ ಎದುರಾಳಿ ಉಳಿದಿದ್ರೆ ತಾನೆ?"

ದರ್ಜಿ ಅಳತೆಯ ಟೇಪನ್ನು ವಿಜಯಮಾಲೆಯಂತೆ ಕೊರಳಿಗೆ ಹಾಕಿಕೊಂಡು ಘೋಷಿಸಿದ. ಕಾಜಾ ಹೊಲಿಯುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ.

"ಸೋತ್ರೆ?"

"ಸೋತ್ರೆ ಚದುರಂಗದ ಹಲಗೆ ಅಟ್ಟಕ್ಕೆ! ಬಚ್ಚಲಿನ ಡ್ರಮ್ಮೂ ಅವತ್ತೇ ರಿಪೇರಿ!"

ಡ್ರಮ್ಮಿನ ಬುಡ ತೂತಾಗಿ ಮೂರು ತಿಂಗಳಾಗಿತ್ತು. ಅಂದು ಅವನು ಆಟದ ನಡುವೆ ಗೊಣಗುತ್ತಾ ಎದ್ದು, ಕೈಗೆ ಸಿಕ್ಕಿದ್ದಕ್ಕೆ ಚಿಂದಿ ಸುತ್ತಿ ಬೆಣೆ ಮಾಡಿ ತೂತಿಗೆ ತುರುಕಿ, "ಎರಡು ದಿನ ತಡಿ" ಎಂದಿದ್ದ. ಆ ಎರಡು ದಿನ ಇನ್ನೂ ಮುಗಿದಿರಲಿಲ್ಲ.

ಅವನ ಓಪನಿಂಗ್ ಸರಳ. ಮೊದಲು ರಾಜನ ಮುಂದಿನ ಕಾಲಾಳು ಎರಡು ಮನೆ ಮುಂದೆ. ಎರಡನೆಯ ನಡೆಗೇ ರಾಣಿ ರಣರಂಗಕ್ಕೆ! ಮನೆಯ ಬಿಳಿ ರಾಣಿ ಎಲ್ಲೋ ಕಳೆದುಹೋಗಿದ್ದರಿಂದ ಆ ಪಟ್ಟವನ್ನು ಕೆಂಪು ದಾರದ ರೀಲು ಅಲಂಕರಿಸಿತ್ತು. ರೀಲನ್ನೇ ಇನ್ನೂರು ಸಲ ನುಗ್ಗಿಸಿ ಕೈ ಪಳಗಿತ್ತು.

ಭಾನುವಾರ ಬೀದಿಯವರೆಲ್ಲ ಸೇರಿದ್ದ ಪಂದ್ಯದಲ್ಲಿ ಔಷಧಿ ಅಂಗಡಿಯವರು ಎದುರಾಳಿ. ಕಾಲಾಳು ಮುಂದೆ ಹೋಯಿತು. ದರ್ಜಿಯ ಕೈ ರೀಲನ್ನು ಹುಡುಕಿತು. ರೀಲಿಲ್ಲ! ಪಂದ್ಯದ ಹೊಸ ಸೆಟ್ಟಿನಲ್ಲಿ ಪಕ್ಕಪಕ್ಕದಲ್ಲಿ ಎರಡು ಕಿರೀಟದ ಕಾಯಿಗಳು. ಗಡಿಬಿಡಿಯಲ್ಲಿ ಒಂದನ್ನು ಹಿಡಿದೆತ್ತಿದ. ರಾಜ!

"ಮುಟ್ಟಿದ ಕಾಯಿ ನಡೆಸಲೇಬೇಕು," ಎಂದರು ತೀರ್ಪುಗಾರರು.

ರಾಜ ಮಹಾಶಯ ಪರ್ಸು ಮರೆತವನಂತೆ ಅರಮನೆಯಿಂದ ಒಂದು ಹೆಜ್ಜೆ ಹೊರಬಂದು ನಿಂತ.

ಔಷಧಿ ಅಂಗಡಿಯವರು ಇಪ್ಪತ್ತು ನಿಮಿಷ ಬೆವರಿದರು. "ಇದ್ಯಾವ ಓಪನಿಂಗ್ ಸ್ವಾಮಿ?"

"ಮನೇಲೇ ತಯಾರಾಗಿದ್ದು," ಎಂದ ದರ್ಜಿ ಗಂಭೀರವಾಗಿ. ಸುಳ್ಳೇನಲ್ಲ.

ಆಮೇಲೆ ಅವರಿಗೆ ಅನುಮಾನ ತೀರಿತು. ರಾಜನನ್ನು ಬೀದಿಬೀದಿ ಅಟ್ಟಾಡಿಸಿ ಮೂಲೆಗೆ ಒತ್ತಿದರು.

"ನಾಲ್ಕೇ ನಡೇಲಿ ಮುಗೀತೇನ್ರೀ?" ಹೊಸ್ತಿಲಲ್ಲೇ ಕೇಳಿದಳು ಹೆಂಡತಿ.

"ಹದಿನಾಲ್ಕು."

"ಗೆದ್ರಾ?"

"ಏಣಿ ಎಲ್ಲಿದೆ?"

ಹಲಗೆ ಅಟ್ಟ ಸೇರಿತು. ದರ್ಜಿ ಅಂಗಿಯ ತೋಳು ಮಡಚಿ, ಡ್ರಮ್ಮು ಬರಿದು ಮಾಡಿ, ಬೆಣೆ ಕಿತ್ತ. ಚಿಂದಿ ಒಂದೊಂದೇ ಸುತ್ತು ಬಿಚ್ಚಿಕೊಂಡಿತು. ಕೊನೆಯ ಸುತ್ತಿನೊಳಗಿಂದ, ನೀರು ಕುಡಿದು ಊದಿಕೊಂಡ ಬಿಳಿ ರಾಣಿ ಕಿರೀಟ ಸಮೇತ ಹೊರಬಂದಳು!

ಹೆಂಡತಿ ಅವಳನ್ನು ಸೆರಗಿನಿಂದ ಒರೆಸಿ, ಹೊಲಿಗೆ ಯಂತ್ರದ ಮೇಲೆ ಮರ್ಯಾದೆಯಿಂದ ನಿಲ್ಲಿಸಿದಳು.

"ಪಾಪ! ಈ ಮನೇಲಿ ದುಡಿಯೋಳು ನಾನೊಬ್ಬಳೇ ಅಂದ್ಕೊಂಡಿದ್ದೆ."