ಸುಳ್ಳು ನಡೆಯದ ಗಾಡಿ

"ಅಯ್ನೋರ, ಸ್ವಲ್ಪ ಆ ಕಡೆ ನಿಂದರ್ರಿ. ಸತ್ಯ ಬರೋ ದಾರಿಗೆ ಅಡ್ಡ ಆಗೀರಿ!" ಎಂದರು ಪಂಪಾಪತಿ ಮಾಸ್ತರು.

ನಾನು ಸರಿದು ನಿಂತೆ. ಸತ್ಯಕ್ಕೆ ಅಡ್ಡ ನಿಲ್ಲುವುದು ಗುಡ್ಡದ ಮಲ್ಲಯ್ಯನ ಪೂಜೆ ಮಾಡುವವನಿಗೆ ಶೋಭಿಸುವ ಕೆಲಸವಲ್ಲ.

ಮಾಸ್ತರು ನನ್ನ ಪಕ್ಕದ ಮನೆಯವರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ನಿವೃತ್ತಿಯ ನಂತರ ಅವರು ಕಂಡುಹಿಡಿದ ರೊಟ್ಟಿ ಬಡಿಯುವ ಯಂತ್ರ ಬಡಿದ ಮೊದಲ ರೊಟ್ಟಿ ಇಂದಿಗೂ ನಮ್ಮ ಮನೆಯ ತೊಲೆಗೆ ಅಂಟಿಕೊಂಡಿದೆ. ಆದರೆ ಇಂದು ಅವರ ಅಂಗಳದಲ್ಲಿ ರೊಟ್ಟಿಗಿಂತ ದೊಡ್ಡ ವಿಷಯ ನಿಂತಿತ್ತು. ಕರಿ ಬಣ್ಣದ, ಆನೆಯಂಥ, ನಾಲ್ಕೂ ಗಾಲಿ ಎಳೆಯುವ ವಿದೇಶಿ ಗಾಡಿ! ಯಾರೋ ಗಣಿ ಧಣಿ ಮೆರೆದು ಬಿಟ್ಟದ್ದು. ಅದರ ಸೀಟುಗಳಂಥ ಮೆತ್ತೆ ನಮ್ಮೂರ ಯಾರ ಹಾಸಿಗೆಗೂ ಇರಲಿಲ್ಲ. ಗಾಡಿಯ ಪಕ್ಕದಲ್ಲಿ ಅದನ್ನು ಮಾರಲು ತಂದ ದಲ್ಲಾಳಿ ತಿಪ್ಪೇಶಿ ನಗುತ್ತ ನಿಂತಿದ್ದ.

ಆ ಗಾಡಿ ಶೋಕಿಗಾಗಿ ಬಂದದ್ದಲ್ಲ. ನಮ್ಮ ಕಲ್ಗುಡ್ಡ ಸಂಡೂರಿನ ಆಚೆಯ ಗುಡ್ಡಸಾಲಿನ ಏಣಿನ ಮೇಲಿದೆ. ಅದಿರಿನ ಲಾರಿಗಳು ಓಡಾಡಿ ಓಡಾಡಿ ನಮ್ಮ ದಾರಿಯನ್ನು ದಾರಿ ಎನ್ನಲಾಗದಂತೆ ಮಾಡಿ ಹೋಗಿವೆ. ಆಂಬುಲೆನ್ಸು ಕೆಳಗಿನ ಕ್ರಾಸಿಗೇ ನಿಲ್ಲುತ್ತದೆ. ಕಾಯಿಲೆಯವರನ್ನು ಹಗ್ಗದ ಹೊರಸಿನ ಮೇಲೆ ಮಲಗಿಸಿ ಹೊತ್ತು ಇಳಿಸಬೇಕು. ಮಾಸ್ತರ ಒಬ್ಬಳೇ ಮಗಳು ವಿಶಾಲಾಕ್ಷಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆರಿಗೆ ಸಲೀಸಲ್ಲ, ನೋವು ಬಂದ ಕೂಡಲೇ ಕರೆತನ್ನಿ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು.

"ನನ್ನ ಮಗಳು ಹೊರಸಿನ ಮ್ಯಾಲ ಗುಡ್ಡ ಇಳಿಯಂಗಿಲ್ಲ" ಎಂದು ಮಾಸ್ತರ ಹೆಂಡತಿ ಹೊನ್ನೂರಮ್ಮ ಪಟ್ಟು ಹಿಡಿದಿದ್ದಳು. "ಗಾಡಿ ತರ್ರಿ. ಆದ್ರ ನಡುದಾರ್ಯಾಗ ಕೈ ಕೊಡೋ ಗಾಡಿ ತಂದ್ರ, ನಿಮ್ಮನ್ನ ಅದಕ್ಕ ಕಟ್ಟಿ ಎಳಸ್ತೀನಿ!"

ಹೊಸ ಗಾಡಿ ಕೈಗೆಟುಕದು. ಹಳೆಯದನ್ನು ನಂಬುವುದು ಹೇಗೆ? ಮೈ ತೊಳೆದು ಎಣ್ಣೆ ಸವರಿದರೆ ಎಂಥ ಮುದಿ ಗಾಡಿಯೂ ಮದುಮಗನಂತೆ ಹೊಳೆಯುತ್ತದೆ. ಅದಕ್ಕಾಗಿಯೇ ಮಾಸ್ತರು ಒಂದು ಡಬ್ಬಿಯಲ್ಲಿ ಸುಳ್ಳು ಹಿಡಿಯುವ ಯಂತ್ರ ಕಟ್ಟಿ ಬಾನೆಟ್ಟಿಗೆ ಜೋಡಿಸಿದ್ದರು. ಅದರ ಜೀವಾಳವನ್ನು ಕೊಟ್ಟವನು ನಾನೇ: ನಮ್ಮ ಗುಡಿಯ ಒಡೆದ ಹಳೆ ಗಂಟೆಯ ನಾಲಿಗೆ.

ನಮ್ಮಲ್ಲಿ ಹೊಲದ ಬದುವಿಗೋ ಕೋಳಿ ಕಳುವಿಗೋ ಜಗಳವಾದರೆ, ಇಬ್ಬರೂ ಮಲ್ಲಯ್ಯನ ಮುಂದೆ ಗಂಟೆಯ ಹಗ್ಗ ಹಿಡಿದು ಪ್ರಮಾಣ ಮಾಡುತ್ತಾರೆ. ಅಜ್ಜ ಮುತ್ತಜ್ಜಂದಿರ ಕಾಲದಿಂದ ನಡೆದುಬಂದದ್ದು.

"ಸುಳ್ಳು ಹೇಳೋ ಮನುಷ್ಯಾನ ಮೈಯಾಗ ಒಂದು ಸಣ್ಣ ನಡುಕ ಹುಟ್ಟತೈತಿ" ಎಂದು ಮಾಸ್ತರು ಪಾಠದ ದನಿಯಲ್ಲಿ ಹೇಳಿದರು. "ಈ ನಾಲಿಗಿ ತಲೆತಲಾಂತರ ಆ ನಡುಕ ಕೇಳೇತಿ. ಕಂಚು ಕೇಳಿದ್ದನ್ನ ಮರಿಯಂಗಿಲ್ಲ! ನಾನು ಅದಕ್ಕ ಕರೆಂಟು ಕೊಟ್ಟೀನಿ, ಅಷ್ಟ. ತಿಪ್ಪೇಶಿ, ಬಾನೆಟ್ಟಿನ ಮ್ಯಾಲ ಕೈ ಇಟ್ಟು ಹೇಳಪಾ, ಇದು ಎಂಥಾ ಗಾಡಿ?"

ತಿಪ್ಪೇಶಿ ಕೈಯಿಟ್ಟ. "ಒಬ್ಬರ ಮಾಲೀಕರು, ಮಾಸ್ತರ. ಅದೂ ಡಾಕ್ಟರು."

ಠಣ್!

ಡಬ್ಬಿಯೊಳಗೆ ನಾಲಿಗೆ ತಾನಾಗಿ ಬಡಿಯಿತು. ಗುಡಿಯಲ್ಲಿ ಎಷ್ಟೋ ವರ್ಷ ಕೇಳಿದ ದನಿ ಅದು. ನಾನು ಅರಿವಿಲ್ಲದೆ ಕೈ ಮುಗಿದೆ.

"ಡಾಕ್ಟರ ತಮ್ಮ..." ಠಣ್! "ಆತು, ಮೂರು ಮಂದಿ ಓಡಿಸ್ಯಾರ. ಆದ್ರ ಎಲ್ಲೂ ಬಡದಿಲ್ಲ." ಠಣ್! "ಒಂದ ಸಲ, ಗಣಿ ಹೊಂಡದಾಗ ಬಿದ್ದಿತ್ತು. ಅದೂ ಸ್ವಲ್ಪ ನೀರು." ಠಣ್! "ಮುಳುಗಿತ್ತು, ಮಾರಾಯ! ಮುಳುಗಿತ್ತು!"

ತಿಪ್ಪೇಶಿಯ ಹಣೆಯಲ್ಲಿ ಬೆವರಿಳಿಯಿತು. ಏಸಿ ಬಿಸಿಗಾಳಿ ಊದುವುದನ್ನೂ, ಹಿಂದಿನ ಬಾಗಿಲು ಒದ್ದರೆ ಮಾತ್ರ ತೆರೆಯುವುದನ್ನೂ ಒಪ್ಪಿಕೊಂಡ. ಕೊನೆಗೆ ಅಳುವ ದನಿಯಲ್ಲಿ, "ಆದ್ರ ಎಂಜಿನ್ನು ಗಟ್ಟಿ ಐತ್ರೀ. ನಾಲ್ಕೂ ಗಾಲಿ ಎಳಿತಾವ. ಇದೊಂದು ಖರೇನ" ಎಂದ.

ಎಲ್ಲರ ಕಣ್ಣೂ ಡಬ್ಬಿಯ ಮೇಲೆ. ನಾಲಿಗೆ ಅಲುಗಲಿಲ್ಲ.

"ಕೊಂಡೆವು!" ಎಂದರು ಮಾಸ್ತರು.

* * *

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಮುಂದೆಯೂ ಗಾಡಿಯ ಯಾವುದೇ ಭಾಗ ಕೆಡುವ ಮುನ್ನ ತಾನೇ ಹೇಳಿಬಿಡಲಿ ಎಂದು ಮಾಸ್ತರು ನಾಲಿಗೆಯನ್ನು ಎಂಜಿನ್ನಿಗೇ ಬೆಸೆದರು.

"ಚಾಲೂ ಮಾಡಿದ ಮ್ಯಾಲ ಮೊದಲು ಕೇಳಿದ ಮಾತ ಇದಕ್ಕ ಉಪದೇಶ" ಎಂದು ಅವರು ಎಲ್ಲರಿಗೂ ಎಚ್ಚರಿಕೆ ಕೊಟ್ಟರು. "ಆ ಮಾತು ನಾನ ಹೇಳತೀನಿ. 'ಗಾಡಿ ಕೆಟ್ಟರ ಗಂಟಿ ಬಾರಿಸು.' ಯಾರೂ ತುಟಿ ಬಿಚ್ಚಬ್ಯಾಡ್ರಿ!"

ಪೂಜೆಗೆ ನನ್ನನ್ನು ಕರೆದಿದ್ದರು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟೆ, ಬಾನೆಟ್ಟಿಗೆ ವಿಭೂತಿ ಎಳೆದೆ, ಕರ್ಪೂರ ಹಚ್ಚಿದೆ. ಮಾಸ್ತರು ಕೀಲಿ ತಿರುವಿದರು. ಎಂಜಿನ್ನು ಗುಡುಗಿತು, ನಾಲಿಗೆ ಠಣ್ಣೆಂದಿತು. ಉರಿಯುವ ಕರ್ಪೂರ ಕಣ್ಣ ಮುಂದೆ, ಗಂಟೆಯ ದನಿ ಕಿವಿಯಲ್ಲಿ! ಅವೆರಡೂ ಕೂಡಿದಾಗ ಗುಡಿಯಲ್ಲಿ ನಾನು ಏನು ಹೇಳುತ್ತ ಬಂದಿದ್ದೆನೋ ಅದು ತಾನಾಗಿ ಬಾಯಿಗೆ ಬಂತು. ಪ್ರಮಾಣಕ್ಕೆ ನಿಂತವರಿಗೆ ಹೇಳುವ ಮಾತು.

"ಇಲ್ಲಿ ಸುಳ್ಳು ನಡೆಯಂಗಿಲ್ಲ!"

ಮಾಸ್ತರು ಬಾಯಿ ತೆರೆದವರು ತೆರೆದೇ ಉಳಿದರು. ಎಂಜಿನ್ನು ಮಾತ್ರ ಒಮ್ಮೆ ಮೆಲ್ಲಗೆ ಗುರುಗುಟ್ಟಿತು, ಅರ್ಥವಾಯಿತು ಎಂಬಂತೆ.

"ಇರಲಿ ಬಿಡ್ರಿ ಅಯ್ನೋರ. ನನಗೇನೂ ಬ್ಯಾಸರಿಲ್ಲ" ಎಂದರು ಮಾಸ್ತರು.

ಎಂಜಿನ್ನು ನಿಂತುಹೋಯಿತು.

* * *

ಗಾಡಿ ಆ ಮಾತನ್ನು ಹೇಗೆ ತಿಳಿದುಕೊಂಡಿತು ಎಂಬುದು ಮರುದಿನ ಸಂತೆಗೆ ಹೋಗುವಾಗ ಗೊತ್ತಾಯಿತು. ಸುಳ್ಳು ನಡೆಯುವುದಿಲ್ಲ ಎಂದರೆ, ಸುಳ್ಳು ಹೊತ್ತುಕೊಂಡು ತಾನೂ ನಡೆಯುವುದಿಲ್ಲ! ಯಾರು ಆಡಿದರೋ ಅವರು ನಿಜ ಹೇಳುವ ತನಕ ಎಂಜಿನ್ನು ಹೊತ್ತಿಕೊಳ್ಳುವುದಿಲ್ಲ.

"ನನಗ ಸೀರಿ ಗೀರಿ ಏನೂ ಬ್ಯಾಡ್ರೀ" ಎಂದಳು ಹೊನ್ನೂರಮ್ಮ. ಗಾಡಿ ನಿಂತಿತು. "ಆತು, ಇಳಕಲ್ ಸೀರಿ ಬೇಕು!" ಗಾಡಿ ಹೊರಟಿತು.

"ನಿಮ್ಮವ್ವ ಬರ್ತಾಳಂದ್ರ ನನಗೂ ಹಿಗ್ಗು" ಎಂದರು ಮಾಸ್ತರು. ಗಾಡಿ ನಿಂತಿತು. ಅಲ್ಲಿಂದ ಹೊರಡಲು ಬಹಳ ಹೊತ್ತಾಯಿತು. ನಿಜ ಹೇಳಲು ಮಾಸ್ತರಿಗೆ ಧೈರ್ಯವಿರಲಿಲ್ಲ. ಕೊನೆಗೆ ಹೇಳಿದರು. ಗಾಡಿ ಹೊರಟಿತು. ಹೊನ್ನೂರಮ್ಮ ಮಾತ್ರ ಇಳಿದು ನಡೆದುಕೊಂಡೇ ಸಂತೆಗೆ ಬಂದಳು.

ಮುಂದಿನ ವಾರ ಪಂಚಾಯ್ತಿ ಅಧ್ಯಕ್ಷರು ಹತ್ತಿಕೊಂಡರು. ಹಳ್ಳದ ನಡುವೆ, "ಬರೋ ಬ್ಯಾಸಿಗ್ಯಾಗ ಈ ದಾರಿಗೆ ಡಾಂಬರು ಹಾಕಸಾಂವನ ನಾನು" ಎಂದರು. ಗಾಡಿ ಅಲ್ಲೇ ನಿಂತು, ನೀರು ಬಾಗಿಲ ತನಕ ಬಂತು. "ಹಾಕಸಾಕ ನೋಡತೀನಿ!" ಗಾಡಿ ಮಿಸುಕಲಿಲ್ಲ. "ಸರಕಾರಕ್ಕ ರೊಕ್ಕ ಕೇಳೀನಿ, ಅವರು ಕೊಟ್ಟಿಲ್ಲ!" ಮಿಸುಕಲಿಲ್ಲ. ನೀರು ಅವರ ಧೋತರ ಮುಟ್ಟಿದಾಗ, "ಕೇಳೂದ ಮರತೀನ್ರಪ್ಪ!" ಎಂದು ಕಿರುಚಿದರು. ನಾಲ್ಕೂ ಗಾಲಿಗಳು ಆನೆಯಂತೆ ಎದ್ದು ದಡ ಹತ್ತಿದವು.

ಮಾಸ್ತರು ನಾಲಿಗೆಯನ್ನು ಕಿತ್ತು ನೋಡಿದರು. ಪ್ರಯೋಜನವಾಗಲಿಲ್ಲ.

"ಕಂಚು ಕಬ್ಬಿಣಕ್ಕ ಹೇಳಿಬಿಟ್ಟೈತಿ" ಎಂದರು ಅವರು ಭಯಭಕ್ತಿಯಿಂದ. "ಈಗ ಒಂದೊಂದು ನಟ್ಟಿಗೂ ಗೊತ್ತು."

"ಎಂಥಾ ಗಾಡಿ ತಂದ್ರಿ!" ಹೊನ್ನೂರಮ್ಮ ತಲೆಯ ಮೇಲೆ ಕೈ ಹೊತ್ತಳು. "ಪೆಟ್ರೋಲು ತೀರಿ ನಿಲ್ಲೋ ಗಾಡಿ ಕಂಡೀನಿ. ಮಾತು ಕೇಳಿ ನಿಲ್ಲೋ ಗಾಡಿನ ನಂಬಿ ಮಗಳನ್ನ ಹೆಂಗ ಕೂಡಸಲಿ?"

ಆದರೆ ಬೇರೆ ಗಾಡಿ ಇರಲಿಲ್ಲ.

* * *

ನಾನು ಮಲ್ಲಯ್ಯನ ಬೆಳಗಿನ ಅಭಿಷೇಕ ಮುಗಿಸುತ್ತಿದ್ದಾಗ ಮಾಸ್ತರು ಓಡಿ ಬಂದರು. ನೋವು ಶುರುವಾಗಿತ್ತು.

"ಮುಂದ ಕೂಡ್ರಿ ಅಯ್ನೋರ. ಆದ್ರ ಯಾರೂ ಮಾತಾಡಬ್ಯಾಡ್ರಿ. ಆಸ್ಪತ್ರಿ ಮುಟ್ಟೋತನಕ ಮೌನ!"

ಮಾಸ್ತರು ಚಕ್ರ ಹಿಡಿದರು. ಹಿಂದೆ ವಿಶಾಲಾಕ್ಷಿ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಗಾಡಿ ಕೆಂಪು ಗುಂಡಿಗಳನ್ನು ತೊಟ್ಟಿಲಿನಂತೆ ತೂಗುತ್ತ ಇಳಿಯತೊಡಗಿತು. ತಿಪ್ಪೇಶಿ ಹೇಳಿದ ಆ ಒಂದು ಮಾತು ನಿಜವಾಗಿತ್ತು. ಎಂಜಿನ್ನು ಗಟ್ಟಿಯಿತ್ತು.

ಆದರೆ ಹೆತ್ತವಳು ಸುಮ್ಮನಿರುವುದು ಹೇಗೆ? ಹಳೆಯ ಗಣಿ ಹೊಂಡದ ಅಂಚಿನ ಇಳಿಜಾರಿನಲ್ಲಿ ಮಗಳು ನರಳಿದಳು.

"ಏನೂ ಆಗೂದಿಲ್ಲ ನನ್ನವ್ವ. ಹೆದರಬ್ಯಾಡ" ಎಂದಳು ಹೊನ್ನೂರಮ್ಮ.

ಗಾಡಿ ನಿಂತಿತು. ಮಾಸ್ತರು ಎರಡೂ ಕೈಯಿಂದ ಬ್ರೇಕು ಎಳೆದು, "ಸಾಯಸ್ತೀಯೇನ! ಖರೇ ಹೇಳ!" ಎಂದು ಕೂಗಿದರು.

"ಇಂಥಾ ಹೊತ್ತಿನ್ಯಾಗ ಖರೇ ಹೆಂಗ ಹೇಳಲ್ರೀ?"

"ಹೇಳು!"

ಹೊನ್ನೂರಮ್ಮ ಮಗಳ ಕೂದಲಲ್ಲಿ ಕೈಯಾಡಿಸುತ್ತ ಸಣ್ಣಗೆ ಹೇಳಿದಳು. "ನನಗೂ ಹೆದರಿಕಿ ಆಗೈತಿ ಮಗಳ. ನಿನ್ನ ಹಡಿಯೋ ಮುಂದ ಇಷ್ಟು ಹೆದರಿದ್ದಿಲ್ಲ. ಏನಾಗತೈತೋ ನನಗ ಗೊತ್ತಿಲ್ಲ. ಆದ್ರ ನಿನ್ನ ಕೈ ಬಿಡಂಗಿಲ್ಲ."

ಎಂಜಿನ್ನು ಹೊತ್ತಿಕೊಂಡಿತು. ಗಾಡಿ ಹೊಂಡದ ಅಂಚು ದಾಟಿತು.

ವಿಶಾಲಾಕ್ಷಿ ಕಣ್ಣೀರಿನಲ್ಲೇ ನಕ್ಕಳು. "ಅವ್ವಾ, ಈಗ ನೋವು ಕಡಿಮಿ ಆಗೇತಿ."

ಗಾಡಿ ನಿಂತಿತು.

"ವಿಶಾಲೀ!"

"ಇಲ್ಲ ಅಪ್ಪಾ, ಜೀವಾ ಹೋಗಾಕತ್ತೈತಿ!"

ಗಾಡಿ ಹಾರಿತು. ಆಮೇಲೆ ಅವಳು ನಿಜವನ್ನೇ ಕೂಗುತ್ತ ಬಂದಳು, ಗಾಡಿ ಓಡುತ್ತ ಬಂತು. ಕ್ರಾಸು ಕಾಣುವ ಕೊನೆಯ ತಿರುವಿನಲ್ಲಿ ಅವಳು ನನ್ನ ಹೆಗಲು ಹಿಡಿದಳು.

"ಅಯ್ನೋರ, ಮಲ್ಲಯ್ಯ ನನ್ನ ಕೂಸಿನ್ನ ಕಾಯ್ತಾನಲ್ರೀ?"

ಮಾಸ್ತರು ಓರೆಗಣ್ಣಿನಲ್ಲಿ ನನ್ನನ್ನು ನೋಡಿದರು. ಈ ಪ್ರಶ್ನೆಗೆ ನಾನು ಗುಡಿಯಲ್ಲಿ ನಿತ್ಯ ಉತ್ತರ ಕೊಡುತ್ತೇನೆ. ಹೂವು ಕೊಟ್ಟಷ್ಟೇ ಸಲೀಸಾಗಿ ಕೊಡುತ್ತೇನೆ. ಆ ಮಾತಿನ ಕೆಳಗೆ ನೆಲವಿದೆಯೋ ಇಲ್ಲವೋ ಎಂದು ಕಾಲಿಟ್ಟು ನೋಡಿದವನಲ್ಲ. ಈಗ ಸುಮ್ಮನಿದ್ದರೆ ಆ ಹುಡುಗಿ ನನ್ನ ಮೌನಕ್ಕೆ ಏನು ಅರ್ಥ ಮಾಡಿಕೊಂಡಾಳು? ಬಾಯಿ ಬಿಟ್ಟು ಗಾಡಿ ನಿಂತರೆ? ಆಗ ನಿಲ್ಲುವುದು ಗಾಡಿ ಒಂದೇ ಅಲ್ಲ.

"ಕಾಯ್ತಾನ ತಾಯಿ" ಎಂದೆ.

ಎಂಜಿನ್ನು ಕೆಮ್ಮಿತು.

ನಿಲ್ಲಲಿಲ್ಲ, ಓಡಲೂ ಇಲ್ಲ. ತಡವರಿಸಿತು, ನನ್ನ ಹಾಗೆಯೇ. ನಾನು ಕಣ್ಣು ಮುಚ್ಚಿದೆ. ಎಣ್ಣೆ ದೀಪದ ಬೆಳಕಿನಲ್ಲಿ ನಿತ್ಯ ನೋಡುವ ಆ ಕಲ್ಲಿನ ಮುಖ ನೆನೆದೆ.

"ಕಾಯ್ತಾನಂತ ಗೊತ್ತಿಲ್ಲ ನನ್ನವ್ವ" ಎಂದೆ. "ನಂಬೀನಿ. ಹುಟ್ಟಿದಾಗಿಂದ ನಂಬೀನಿ. ಈಗೂ ನಂಬೀನಿ."

ಆ ಗಾಡಿ ಅಷ್ಟು ನುಣ್ಣಗೆ ಹಿಂದೆಂದೂ ಓಡಿರಲಿಲ್ಲ, ಮುಂದೆಯೂ ಓಡಲಿಲ್ಲ. ಕ್ರಾಸಿನ ಡಾಂಬರು ಹತ್ತಿ ಆಸ್ಪತ್ರೆಯ ಬಾಗಿಲಲ್ಲಿ ತಾನಾಗಿ ತಗ್ಗಿ ನಿಂತಿತು. ಹಿಂದಿನ ಬಾಗಿಲನ್ನು ಮಾಸ್ತರು ಒದ್ದು ತೆರೆದರು.

ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ತಾಯಿ ಮಗು ಇಬ್ಬರೂ ಕ್ಷೇಮ.

* * *

ಕೂಸನ್ನು ಮನೆಗೆ ಕರೆತಂದ ದಿನ ಮಾತ್ರ ನಾವು ಊರು ಮುಟ್ಟಿದಾಗ ಹೊತ್ತು ಮುಳುಗಿತ್ತು. "ಮೂಗು ನಂದ!" ಎಂದರು ಮಾಸ್ತರು. ಗಾಡಿ ನಿಂತಿತು. "ಕಣ್ಣು ನಮ್ಮವ್ವನ್ನ ಹೋಲತಾವ" ಎಂದಳು ಹೊನ್ನೂರಮ್ಮ. ನಿಂತಿತು. "ಅವರಪ್ಪನ ಹಂಗ ಐತಿ" ಎಂದಳು ವಿಶಾಲಾಕ್ಷಿ. ನಿಂತಿತು. ಕೂಸು ಇನ್ನೂ ಯಾರ ಹಾಗೂ ಇರಲಿಲ್ಲ. ಕೆಂಪಗೆ, ಮುದುಡಿಕೊಂಡು, ತನ್ನ ಹಾಗೆ ತಾನಿತ್ತು. ಇದನ್ನು ಒಪ್ಪಿಕೊಳ್ಳುವುದು ಮನೆಯವರಿಗೆ ಪ್ರಾಣಸಂಕಟವಾಯಿತು. ಅರ್ಧ ದಾರಿ ನಾನೂ ಮಾಸ್ತರೂ ತಳ್ಳಿಕೊಂಡೇ ಬಂದೆವು.

ಈಗ ಊರವರು ಪ್ರಮಾಣಕ್ಕೆ ಗುಡಿಗೆ ಬರುವುದಿಲ್ಲ. ಜಗಳವಾಡಿದವರನ್ನು ಗಾಡಿಯಲ್ಲಿ ಕೂರಿಸಿ ಬಾವಿಯ ತನಕ ಓಡಿಸುತ್ತಾರೆ. ಮಲ್ಲಯ್ಯನಿಗೆ ಇದರಿಂದ ಬೇಸರವಾದಂತೆ ಕಾಣುವುದಿಲ್ಲ. ನನಗೂ ಇಲ್ಲ. ಈ ಮಾತನ್ನು ಆ ಗಾಡಿಯಲ್ಲಿ ಕುಳಿತು ಹೇಳಲು ಮಾತ್ರ ಹೋಗಿಲ್ಲ.

ಹೊನ್ನೂರಮ್ಮನ ಒತ್ತಾಯಕ್ಕೆ ಮಾಸ್ತರು ಒಮ್ಮೆ ಗಾಡಿ ಮಾರಲೂ ಹೊರಟರು. ತಿಪ್ಪೇಶಿಯೇ ಗಿರಾಕಿಯನ್ನು ಕರೆತಂದ. ಈ ಸಲ ಬಹಳ ಹುಷಾರಾಗಿದ್ದ. ಹೊಂಡದಲ್ಲಿ ಮುಳುಗಿದ್ದು, ಮೂವರು ಮಾಲೀಕರು, ಒದೆಯಬೇಕಾದ ಬಾಗಿಲು, ಎಲ್ಲವನ್ನೂ ಇದ್ದಂತೆ ಹೇಳಿದ. ಗಾಡಿ ಊರಗಸೆಯ ಹೆಬ್ಬಾಗಿಲವರೆಗೂ ಚೆನ್ನಾಗಿ ಓಡಿತು. ಗಿರಾಕಿಗೆ ಮೆಚ್ಚಿಗೆಯಾಯಿತು.

"ಎಲ್ಲಾ ಖರೇ ಹೇಳಿದೆಲ್ಲಪಾ" ಎಂದ ಅವನು. "ಇದರಾಗ ನಿನಗೇನು ಸಿಗತೈತಿ?"

"ನನಗೇನೈತಣ್ಣ" ಎಂದ ತಿಪ್ಪೇಶಿ. "ನಿಮ್ಮ ಮ್ಯಾಲಿನ ಪ್ರೀತಿಗೆ ಓಡಾಡಾಕತ್ತೀನಿ."

ಗಾಡಿ ಇನ್ನೂ ನಮ್ಮೂರಲ್ಲೇ ಇದೆ.