ಬೇಡ ಅಂದರೆ ಬಡಿಸುವ ಯಂತ್ರ

ನೆನೆದ ಅವರೆಕಾಳು ಹಿತುಕುತ್ತಾ ಒಳ್ಳೆಯ ಎಲೆ ಬರಲೆಂದು ಕಾಯುತ್ತಿದ್ದೆ. ಬೋಗುಣಿ ಅರ್ಧ ತುಂಬಿತ್ತು. ಎದುರಿಗೆ ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟ ಮೊಬೈಲಿನಲ್ಲಿ ಪೋಕರ್ ಮೇಜು. ಸೋತರೂ ಒಂದು ಲೋಟ ಕಾಫಿಗಿಂತ ಹೆಚ್ಚು ಹೋಗದ ಬಡಪಾಯಿ ಮೇಜು ಅದು.

ಈ ಇಸ್ಪೀಟಿನಲ್ಲಿ ಮೊದಲು ಕೈಗೆ ಬರುವುದು ಎರಡೇ ಎಲೆ. ಚೆನ್ನಾಗಿದ್ದರೆ ಪಣದ ಬಿಲ್ಲೆ ಹಾಕಬೇಕು, ಇಲ್ಲದಿದ್ದರೆ ಬಿಟ್ಟುಬಿಡಬೇಕು. ಬಿಡುವುದೇ ಆಟದ ಮುಕ್ಕಾಲು ಪಾಲು. ಮದುವೆಯಾದಾಗಿನಿಂದ ನನಗೆ ಅಭ್ಯಾಸವಾಗಿರುವ ಕೆಲಸ. ಆದರೆ ಆ ಮೇಜಿನ ಗಂಡಸರಿಗೆ ಬಿಡುವುದೆಂದರೇನೆಂದೇ ಗೊತ್ತಿಲ್ಲ. ಕೈಗೆ ಕಸ ಬರಲಿ ಕಡ್ಡಿ ಬರಲಿ, ಬಿಲ್ಲೆಗಳನ್ನು ಸುರಿಯುತ್ತಾರೆ. ಅದೃಷ್ಟದಿಂದ ಗೆದ್ದರೆ ಬುದ್ಧಿ ಎನ್ನುತ್ತಾರೆ. ಸೋತರೆ ಪಕ್ಕದವರನ್ನು ಬೈಯುತ್ತಾರೆ. ಅವರಲ್ಲಿ ‘ಸಿಡಿಲಮರಿ’ ಎಂದು ಹೆಸರಿಟ್ಟುಕೊಂಡವನ ಬಾಯಿಯಂತೂ ಮುಚ್ಚಳವಿಲ್ಲದ ಮಿಕ್ಸಿ!

“ಆಂಟೀ, ಇನ್ನೂ ಯೋಚ್ನೆ ಮಾಡ್ತಿದೀರಾ? ಒಗ್ಗರಣೆ ಸೀದೋಯ್ತು, ಎದ್ದೋಗಿ ನೋಡ್ರೀ!”

“ಮತ್ತೆ ಬಿಟ್ರಾ? ಇವ್ರು ಆಟ ಆಡಕ್ಕೆ ಬಂದವ್ರೋ, ಗಿಣಿಶಾಸ್ತ್ರ ಕೇಳಕ್ಕೆ ಬಂದವ್ರೋ!”

ನಿಜವಾದ ಹೆಸರು ಕೊಟ್ಟದ್ದು ನನ್ನ ತಪ್ಪು. ಪರದೆಯ ಮೇಲೆ ‘ಜಲಜಾ ಎಂ.’ ಎಂದು ಕಂಡ ಕೂಡಲೇ ಅವರಿಗೆ ಅಡುಗೆಮನೆ ನೆನಪಾಗುತ್ತದೆ. ಅವತ್ತು ಶನಿವಾರದ ಪಂದ್ಯ. ಸೋತವರೆಲ್ಲ ಎದ್ದುಹೋದ ಮೇಲೆ ಉಳಿಯುವ ಕೊನೆಯ ಮೇಜನ್ನು ಮೊದಲ ಸಲ ಮುಟ್ಟಿದ್ದೆ, ಮುಂದೆ ಬಿಲ್ಲೆಯ ರಾಶಿಯೂ ಇತ್ತು. ನನಗೆ ಬೇಕಾಗಿದ್ದದ್ದು ಒಂದೇ. ಸಿಡಿಲಮರಿ ನನ್ನ ಆಟಕ್ಕೆ, ನನ್ನ ತಾಳ್ಮೆಗೆ ಸೋತು ಒಂದು ಸಲ ಬಾಯಿ ಮುಚ್ಚಬೇಕು.

“ಏ ಜಲಜಾ! ಕೈ ಒರೆಸ್ಕೊಳ್ಳೋ ಕೆಲ್ಸಾನೇ ಇಲ್ಲ ಇನ್ಮೇಲೆ! ನೋಡಿಲ್ಲಿ!”

ಇವರು ಬಂದರು. ಇವರು ಎಂದರೆ ನನ್ನ ಯಜಮಾನರು, ಮೃತ್ಯುಂಜಯ. ಗಡಿಯಾರದ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ನಮ್ಮ ಮನೆಯಲ್ಲಿ ಒಂದು ಗಡಿಯಾರವೂ ಸರಿಯಾಗಿ ನಡೆಯುತ್ತಿಲ್ಲ. ಇವರ ದೋಸೆ ಮಗುಚುವ ಯಂತ್ರ ಹಾರಿಸಿದ ದೋಸೆ ಪಕ್ಕದ ಮನೆಯ ಡಿಶ್ ಆಂಟೆನಾದಲ್ಲಿ ಈಗಲೂ ಕೂತಿದೆ. ಅವರಿಗೆ ಅವತ್ತಿನಿಂದ ಎರಡು ಚಾನೆಲ್ ಹೆಚ್ಚು ಬರುತ್ತಿವೆಯಂತೆ!

ಈ ಸಲ ಇವರ ಕೈಯಲ್ಲಿ ನನ್ನ ಇಡ್ಲಿ ಪಾತ್ರೆ ಇತ್ತು. ಅದರಿಂದ ವೈರುಗಳು, ಒಂದು ಸ್ಪೀಕರು, ಮತ್ತೆ ಸೌಟಿನ ಹಿಡಿಗೆ ಸಿಕ್ಕಿಸಿದ ರಬ್ಬರಿನ ಬೆರಳು ಹೊರಬಂದಿದ್ದವು.

“ಇದರ ಹೆಸರು ಉಪಚಾರಿ. ಅವ್ರು ಒರಟಾಗಿ ಅಂದಿದ್ದನ್ನ ನಿನಗೆ ಮರ್ಯಾದೆಯಾಗಿ ಹೇಳುತ್ತೆ. ನೀನು ಹೇಳಿದ್ದನ್ನ ಅವ್ರಿಗೆ ನಯವಾಗಿ ಹೇಳಿ, ಮೊಬೈಲಿನ ಗುಂಡೀನೂ ಬೆರಳಲ್ಲಿ ಒತ್ತುತ್ತೆ. ಇದಕ್ಕೆ ಮರ್ಯಾದೆ ಎಲ್ಲಿಂದ ಕಲಿಸಿದೆ ಹೇಳು?”

“ಹೇಳಿ, ನೀವು ಹೇಳ್ದೆ ಬಿಡ್ತೀರಾ?”

“ನಮ್ಮ ಕಡೆಯ ಮದುವೆಗಳ ವಿಡಿಯೋ ಅಷ್ಟನ್ನೂ ಕೇಳಿಸಿದೀನಿ! ಊಟದ ಪಂಕ್ತೀಲಿ ಮಾತಾಡೋ ಅಷ್ಟು ನಯವಾಗಿ ಪ್ರಪಂಚದಲ್ಲಿ ಬೇರೆಲ್ಲೂ ಮಾತಾಡಲ್ಲ ಕಣೇ!”

ನಾನು ಬೇಡವೆನ್ನುವ ಮೊದಲೇ ಇವರು ಪಾತ್ರೆಯನ್ನು ಮೊಬೈಲಿಗೆ ಕಚ್ಚಿಸಿಯಾಗಿತ್ತು. ಸಿಡಿಲಮರಿ ಏನೋ ಕಿರುಚಿದ. ಪಾತ್ರೆ ಗಂಭೀರವಾಗಿ ನುಡಿಯಿತು: “ತಾಯಿ, ತಮ್ಮ ವಯಸ್ಸಿಗೆ ಈ ಮೇಜು ಆಯಾಸವಾದೀತು. ದಯಮಾಡಿ ಒಳಗೆ ಹೋಗಿ ವಿಶ್ರಮಿಸಿಕೊಳ್ಳಿ.”

“ಎಷ್ಟು ಚೆನ್ನಾಗಿದೆ!” ಎಂದು ಇವರು ಚಪ್ಪಾಳೆ ತಟ್ಟಿದರು. ಬೈಗುಳ ಎಲ್ಲಿಗೂ ಹೋಗಿರಲಿಲ್ಲ, ಮೇಲೆ ತುಪ್ಪ ಬಿದ್ದಿತ್ತು ಅಷ್ಟೆ. ಹಾಗೆ ತುಪ್ಪ ಬಿದ್ದ ಮಾತುಗಳನ್ನು ಕೇಳಲು ನನಗೆ ಯಂತ್ರವೇನೂ ಬೇಕಿರಲಿಲ್ಲ.

ಅಷ್ಟರಲ್ಲಿ ಎಲೆ ಬಂತು. ಏಳು ಮತ್ತು ಎರಡು, ಬೇರೆ ಬೇರೆ ಬಣ್ಣದವು. ಈ ಆಟದಲ್ಲಿ ಅದಕ್ಕಿಂತ ದರಿದ್ರ ಜೋಡಿ ಇಲ್ಲ. “ಬೇಡ,” ಎಂದೆ.

ಬೆರಳು ಟಕ್ಕೆಂದು ಒತ್ತಿತು. ನನ್ನ ರಾಶಿಯಿಂದ ಒಂದು ಹಿಡಿ ಬಿಲ್ಲೆ ಮೇಜಿನ ಮಧ್ಯಕ್ಕೆ ಹೋಯಿತು!

“ರೀ! ಬೇಡ ಅಂದ್ರೆ ಹಾಕ್ತಿದೆಯಲ್ರೀ!”

“ನೀನು ಗಟ್ಟಿಯಾಗಿ ಹೇಳಿಲ್ಲ. ಮನಸ್ಸಿಟ್ಟು ಹೇಳು.”

ಚಿಲ್ಲರೆ ಬಿಲ್ಲೆ ಮಾತ್ರ ಉಳಿದಿದ್ದ ಬೇರೆಯವರೆಲ್ಲ ಅಪರೂಪಕ್ಕೆ ಬಿಟ್ಟರು. ಸಿಡಿಲಮರಿ ಮಾತ್ರ ಎರಡರಷ್ಟು ಹಾಕಿದ. ನಾನು ಮನಸ್ಸಿಟ್ಟು ಕೂಗಿದೆ: “ಬೇಡ! ಬೇಡ!”

“ಸಂಕೋಚ ಮಾಡ್ಕೋಬೇಡಿ, ಇನ್ನೊಂದೇ ಒಂದು!” ಎನ್ನುತ್ತಾ ಬೆರಳು ಎರಡು ಸಲ ಒತ್ತಿತು.

ಆಗ ನನಗೆ ಅರ್ಥವಾಯಿತು. ಪಂಕ್ತಿಯಲ್ಲಿ ಬೇಡ ಎಂದವರಿಗೆ ಯಾರು ಬಡಿಸದೆ ಬಿಟ್ಟಿದ್ದಾರೆ? ಒಂದು ಬೇಡಕ್ಕೆ ಒಂದು ಹೋಳಿಗೆ, ಎರಡು ಬೇಡಕ್ಕೆ ಎರಡು. ಕೈ ಅಡ್ಡ ಇಟ್ಟರೆ ಬೆರಳ ಸಂದಿಯಿಂದ ಪಾಯಸ. ಈ ಯಂತ್ರ ಕಲಿತದ್ದು ಅದನ್ನೇ. ಅದನ್ನು ತಪ್ಪೆಂದು ಹೇಳಲೂ ಆಗದು. ಈ ಮನೆಯಲ್ಲಿ ನನ್ನ ಬೇಡವನ್ನು ಬೇಡವೆಂದೇ ಕೇಳಿಸಿಕೊಂಡವರು ಯಾರಿದ್ದರು?

“ಸ್ವಿಚ್ ಎಲ್ರೀ ಇದಕ್ಕೆ?”

“ಉಪಚಾರಕ್ಕೆ ಯಾರಾದ್ರೂ ಸ್ವಿಚ್ ಇಡ್ತಾರೇನೇ!”

ಅವರೆ ಸಿಪ್ಪೆ ಮೆತ್ತಿದ ಕೈಯಿಂದಲೇ ಮೊಬೈಲನ್ನು ಎಳೆದೆ. ಪಾತ್ರೆ ಇನ್ನೂ ಬಿಗಿಯಾಗಿ ಕಚ್ಚಿಕೊಂಡು, “ಪಂಕ್ತಿಯ ಮಧ್ಯೆ ಏಳಬಾರದು ತಾಯಿ!” ಎಂದಿತು.

“ಅಯ್ಯೋ, ಸಾಕು! ಸಾಕು!”

ಅಷ್ಟೇ! ಬೆರಳು ಮಳೆಗಾಲದ ಕಪ್ಪೆಯಂತೆ ಕುಪ್ಪಳಿಸಿ ನನ್ನ ಇಡೀ ರಾಶಿಯನ್ನು ಮಧ್ಯಕ್ಕೆ ದೂಡಿತು. ಸಿಡಿಲಮರಿ ತನ್ನದನ್ನೂ ದೂಡಿ ಎಲೆ ತೋರಿಸಿದ. ಇಬ್ಬರು ರಾಜರು! ವಾರಗಟ್ಟಲೆ ಕಾದು ಕೂಡಿಸಿದ್ದ ನನ್ನ ತಾಳ್ಮೆಯೆಲ್ಲ ಒಂದು ಇಡ್ಲಿ ಪಾತ್ರೆಯ ಪಾಲಾಯಿತು.

ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆಗಳು ತೆರೆದುಕೊಳ್ಳತೊಡಗಿದವು. ರಾಣಿ, ಎರಡು, ಒಂಬತ್ತು. ಆಮೇಲೆ ನಾಲ್ಕು. ಕೊನೆಗೆ ಏಳು!

ನನ್ನ ಏಳಕ್ಕೊಂದು ಏಳು, ಎರಡಕ್ಕೊಂದು ಎರಡು. ಎರಡು ಜೋಡಿಯ ಮುಂದೆ ಅವನ ಒಂದು ಜೋಡಿ ರಾಜರು ಬಿದ್ದುಹೋದರು. ಪಂದ್ಯ ಗೆದ್ದಂತೆಯೇ ಆಯಿತು. ಉಳಿದವರ ಮುಂದೆ ಚಿಲ್ಲರೆ ಬಿಲ್ಲೆ ಮಾತ್ರ ಇತ್ತು, ಅದನ್ನೂ ಯಂತ್ರ ಉಪಚಾರ ಮಾಡಿ ಮಾಡಿ ಬಾಚಿಕೊಂಡಿತು.

ಸಿಡಿಲಮರಿ ಬಾಯಿ ಮುಚ್ಚಿದ. ಆಮೇಲೆ ತೆರೆದ. ಯಂತ್ರ ಆ ಮಾತನ್ನು ತಿದ್ದುವ ಅಗತ್ಯವೇ ಬೀಳಲಿಲ್ಲ. “ಮೇಡಂ, ಎಂಥಾ ಆಟ ಆಡಿದ್ರಿ! ನೀವು ನಮ್ಗೆ ಗುರುಗಳು!”

ಎಚ್ಚರದಿಂದ ಆಡಿದಷ್ಟು ದಿನವೂ ಆಂಟಿ, ಒಲೆ, ಒಗ್ಗರಣೆ. ಅವರಷ್ಟೇ ತಲೆಕೆಟ್ಟು ಆಡಿದಂತೆ ಕಂಡ ದಿನ ಗುರುಗಳು!

“ನೋಡಿದ್ಯಾ ಯಂತ್ರದ ಬುದ್ಧೀನ?” ಇವರು ಎದೆಯುಬ್ಬಿಸಿದರು. “ಇನ್ಮೇಲೆ ನೀನು ನೆಮ್ಮದಿಯಾಗಿ ಅವರೆಕಾಳು ಹಿತುಕು. ಆಟ ನಾವಿಬ್ರು ನೋಡ್ಕೋತೀವಿ.”

ಮುಂದಿನ ಶನಿವಾರ ಊಟವಾದದ್ದೇ ತಡ, ಇವರು ನನ್ನ ಮೊಬೈಲು ಹಿಡಿದು, ನನ್ನ ಹೆಸರಿನಲ್ಲಿ, ಯಂತ್ರದ ಮುಂದೆ ಕೂತರು. ಇಡೀ ಮೇಜೇ ಬದಲಾಗಿತ್ತು. ಶಿಷ್ಯರೆಲ್ಲ ಕೈಗೆ ಏಳು-ಎರಡು ಬರಲೆಂದು ಪ್ರಾರ್ಥಿಸುತ್ತಿದ್ದರು. ಬಂದರೆ ಇದ್ದಬದ್ದದ್ದನ್ನೆಲ್ಲ ಸುರಿದು, “ನೀವೂ ಹಾಕ್ಕೊಳ್ಳಿ ಸಾರ್, ಸಂಕೋಚ ಬೇಡ!” ಎಂದು ಒಬ್ಬರಿಗೊಬ್ಬರು ಒತ್ತಾಯ ಮಾಡುತ್ತಿದ್ದರು. ಯಾರಾದರೂ ಬಿಡಲು ಹೋದರೆ ಎಲ್ಲರಿಗೂ ಬೇಜಾರು! ಇವರು ನನ್ನ ಹೆಸರಿನಲ್ಲಿ ಉಪದೇಶ ಕೊಡುತ್ತಿದ್ದರು: “ಆಟದಲ್ಲಿ ಮುಖ್ಯವಾಗಿ ಬೇಕಾದ್ದು ಧೈರ್ಯ, ನೋಡಿ.”

ನಾನು ಊಟದ ಪಾತ್ರೆಗಳನ್ನು ಒರೆಸಿಟ್ಟೆ. ಇವರ ಮೊಬೈಲು ಕೋಣೆಯಲ್ಲಿ ಚಾರ್ಜಿಗೆ ಹಾಕಿದ್ದು ಹಾಗೇ ಬಿದ್ದಿತ್ತು. ಅದನ್ನು ತೆಗೆದುಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂತೆ. ಹೊಸ ಹೆಸರೊಂದನ್ನು ಇಟ್ಟುಕೊಂಡೆ. ಯಾವುದೆಂದು ನಿಮಗೂ ಹೇಳುವುದಿಲ್ಲ. ಅದೇ ಮೇಜಿನಲ್ಲಿ ಒಂದು ಜಾಗ ಖಾಲಿಯಿತ್ತು. ಸಂಜೆಯ ಕಾಫಿಗೆ ಮುಂಚೆ ಮೊದಲು ‘ಜಲಜಾ ಎಂ.’ ಎಂಬವಳನ್ನು, ಆಮೇಲೆ ಅವಳ ಶಿಷ್ಯರನ್ನು ಒಬ್ಬೊಬ್ಬರಾಗಿ ಅಲ್ಲಿಂದ ಎಬ್ಬಿಸುವುದೆಂದು ತೀರ್ಮಾನಿಸಿದೆ.

ಮೊದಲು ಬಂದ ಎಲೆ ಚೆನ್ನಾಗಿರಲಿಲ್ಲ. ಬಿಟ್ಟೆ.

“ಏನು, ಇಷ್ಟು ಬೇಗ? ಸಂಕೋಚ ಪಡಬೇಡಿ!” ಎಂದು ಅಡುಗೆಮನೆಯಿಂದ ಯಂತ್ರದ ದನಿ, ಅದರ ಹಿಂದೆಯೇ ಇವರ ನಗು ಕೇಳಿಸಿತು.

ನನಗೆ ಸಂಕೋಚವೇನೂ ಇರಲಿಲ್ಲ. ಎರಡನೆಯ ಸಲ ಕೈಗೆ ಇಬ್ಬರು ರಾಣಿಯರು ಬಂದಿದ್ದರು.