ಅತ್ತೆ ಕಾವಲು ಕಾದ ಡಬ್ಬಿ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ರಕ್ತ, ಮಲ ಪರೀಕ್ಷೆ ಮಾಡುವವನು ನಾನು. ಈ ಕೆಲಸದಲ್ಲಿ ಮೂಗು ಮುಚ್ಚಿಕೊಳ್ಳುವುದಕ್ಕಿಂತ ನಗು ತಡೆದುಕೊಳ್ಳುವುದೇ ಕಷ್ಟ. ಒಂದೇ ಮನೆಯ ಅತ್ತೆ ಸೊಸೆಯಿಂದಲೇ ನನಗೆ ಮೂರು ಸಲ ಹಾಗಾಯಿತು.

೧. ಕರಿಬೇವು

ಸೊಸೆ ಐದು ತಿಂಗಳ ಬಸುರಿ. ರಕ್ತದ ಅಂಶ ಹನ್ನೊಂದಾದರೂ ಇರಬೇಕಾದಲ್ಲಿ ಏಳೇ ಗ್ರಾಂ. ಹೀಗೇ ಇದ್ದರೆ ಹೆರಿಗೆಯಲ್ಲಿ ಜೀವಕ್ಕೇ ಕುತ್ತು ಎಂದು ಡಾಕ್ಟರಮ್ಮ ಕಬ್ಬಿಣದ ಮಾತ್ರೆ ಕೊಟ್ಟರು. ತಿಂಗಳು ಕಳೆದರೂ ಏಳೇ. ಮಾತ್ರೆ ನುಂಗಿದೆಯಾ ಎಂದರೆ ಸೊಸೆ ಅತ್ತೆಯ ಮುಖ ನೋಡಿದಳು. ಎರಡು ದಿನ ನುಂಗಿದ್ದಕ್ಕೆ ಕಕ್ಕಸು ಕಪ್ಪಗಾಯಿತೆಂದು ಹೆದರಿ, ಬಿಸಾಡಲೂ ಮನಸ್ಸಾಗದೆ, ಅತ್ತೆ ಉಳಿದದ್ದನ್ನೆಲ್ಲ ಕರಿಬೇವಿನ ಗಿಡದ ಬುಡಕ್ಕೆ ಹಾಕಿದ್ದಳು.

"ಗಿಡ ಮಾತ್ರ ಸೆಂದಾಗ್ ಚಿಗುರ್ಕಂಡದೆ ಕಣಪ್ಪ" ಎಂದು ನನ್ನ ಕೈಗೆ ಒಂದು ಕಟ್ಟು ಸೊಪ್ಪು ಇಟ್ಟಳು.

೨. ಚಪ್ಪಲಿ

ಮುಂದಿನ ತಿಂಗಳು ಮಾತ್ರೆಯನ್ನು ನಿಜವಾಗಿಯೇ ನುಂಗಿದರೂ ರಕ್ತ ಏರಲಿಲ್ಲ. ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳ ಅಂಗಾಲಿನಿಂದ ಹೊಕ್ಕು, ಕರುಳಿಗೆ ಕಚ್ಚಿಕೊಂಡು ರಕ್ತ ಕುಡಿಯುತ್ತದೆ, ಚಪ್ಪಲಿ ಹಾಕಿಕೋ ಎಂದರು ಡಾಕ್ಟರಮ್ಮ. ವಾರ ಬಿಟ್ಟು ಬಂದಾಗ ಸೊಸೆಯ ಹೊಸ ಚಪ್ಪಲಿಗೆ ಗದ್ದೆಯ ಕೆಸರು ಚೂರೂ ಹತ್ತಿರಲಿಲ್ಲ. ಅತ್ತೆಯೇ ವಿವರಿಸಿದಳು: ಸೊಸೆ ಗದ್ದೆಯವರೆಗೂ ಹಾಕಿಕೊಂಡೇ ಹೋಗುತ್ತಾಳಂತೆ, ಅನ್ನ ಕೊಡುವ ಮಣ್ಣನ್ನು ಮೆಟ್ಟಿನಲ್ಲಿ ತುಳಿಯಬಾರದೆಂದು ಬದುವಿನ ಮೇಲೆ ಅತ್ತೆಯೇ ಬಿಡಿಸುತ್ತಾಳಂತೆ. ಹುಳಕ್ಕೂ ಅದೇ ಬೇಕಾಗಿತ್ತು.

೩. ಡಬ್ಬಿ

ಕೊನೆಗೆ ಸೊಸೆಯ ಮಲ ಪರೀಕ್ಷೆಗೆಂದು ಡಬ್ಬಿ ಕೊಟ್ಟೆ. ಮರುದಿನ ತುಂಬಿಸಿ ತಂದವಳು ಅತ್ತೆ. ನೋಡಿದರೆ ಕೊಕ್ಕೆಹುಳದ ಮೊಟ್ಟೆಯೋ ಮೊಟ್ಟೆ. ಡಾಕ್ಟರಮ್ಮ ಸೊಸೆಗೆಂದು ಹುಳದ ಮಾತ್ರೆ ಕೊಡಲು ಹೋದಾಗ ಅತ್ತೆ ಕೈ ಅಡ್ಡ ಹಿಡಿದಳು.

"ಅದು ಅವಳ್ಗಲ್ಲ, ನಂಗೆ. ಬಸುರಿ ಎಂಗ್ಸಿಂದು ಏನಾರ ಕಂಡೋರ್ ಕೈಗ್ ಕೊಟ್ರೆ ಮಾಟ ಮಾಡ್ಸ್‌ಬುಡ್ತಾರೆ. ಅದ್ಕೆ ನಂದೇ ತಂದೆ."

ನಿಮಗೇ ಮಾಟ ಮಾಡಿಸಿದರೆ ಎಂದೆ. ತನ್ನ ತಂಟೆಗೆ ಬರುವ ದೆವ್ವ ಇನ್ನೂ ಹುಟ್ಟಿಲ್ಲ ಎಂದಳು. ನನಗೆ ಕೋಪವೂ ಬಂತು, ಆ ಮುದುಕಿಯ ಮೇಲೆ ಪ್ರೀತಿಯೂ ಬಂತು.

ಮಾರನೆಯ ದಿನ ಸೊಸೆಯದೇ ಡಬ್ಬಿ ಬಂತು, ಕಾವಲಿಗೆ ಅತ್ತೆಯೂ ಬಂದಳು. ನಾನು ಮೈಕ್ರೋಸ್ಕೋಪಿನಲ್ಲಿ ನೋಡುವಷ್ಟು ಹೊತ್ತೂ ಬೆನ್ನ ಹಿಂದೆಯೇ ನಿಂತಿದ್ದಳು. ಅದರಲ್ಲೂ ಹುಳದ ಮೊಟ್ಟೆ. ಇಬ್ಬರೂ ಮಾತ್ರೆ ನುಂಗಿದರು. ಮುಂದೆ ಸೊಸೆಯ ರಕ್ತ ಏರಿತು, ಹೆರಿಗೆಯೂ ನಮ್ಮಲ್ಲೇ ಸುಸೂತ್ರವಾಗಿ ಆಯಿತು. ಆದರೆ ಆ ಪರೀಕ್ಷೆಯ ದಿನ ಎಲ್ಲ ಮುಗಿದ ಮೇಲೂ ಅತ್ತೆ ಹೊರಡಲಿಲ್ಲ. ಇನ್ನೇನಮ್ಮ ಎಂದು ಕೇಳಿದೆ. ಕೈ ಚಾಚಿದಳು.

"ನೋಡಿದ್ದಾಯ್ತಲ್ಲ, ಆ ಡಬ್ಬಿ ವಾಪಸ್ ಕೊಡು. ಮನೇಗ್ ತಕಂಡ್ ಓಯ್ತೀನಿ."